ಕಬಡ್ಡಿಯ ಮೇಲೆ ಹೊರಿಸಿದ್ದು

ಹೋಳೂರಿನಲ್ಲಿ ಕದಿರಪ್ಪನವರ ಎದುರು ಕಬಡ್ಡಿಯ ಬಗ್ಗೆ ಹಗುರವಾಗಿ ಮಾತಾಡಿ ಬೈಸಿಕೊಳ್ಳದೆ ಉಳಿದವರಿಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತರಾದ ಮನುಷ್ಯ. ದೇವರಿಗೆ ಕೈಮುಗಿಯುವುದನ್ನು ಮರೆತರೂ ಮರೆತಾರು, ಅಂಕಣಕ್ಕೆ ಇಳಿಯುವ ಮುಂಚೆ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ಮರೆಯುವವರಲ್ಲ. ಅಂಥವರ ಕೈಗೆ ಆ ಶುಕ್ರವಾರ ಸಂಜೆ ಅವರದೇ ಶಿಷ್ಯೆ ದಿವ್ಯ ಒಂದು ಟೈಪ್ ಮಾಡಿಸಿದ ಕಾಗದ ತಂದುಕೊಟ್ಟಳು.

ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು. 'ಸದರಿ ಆಟಗಾರ್ತಿಗೆ ನಾನು ಶಾಲಾ ದಿನಗಳಲ್ಲಿ ಕಬಡ್ಡಿ ಕಲಿಸಿದ್ದು, ಎದುರಾಳಿಯನ್ನು ಗುದ್ದಿ ಗೆರೆಯಾಚೆ ತಳ್ಳುವುದು ಆಕೆಗೆ ಅಭ್ಯಾಸವಾಗಿರುತ್ತದೆ. ಪಂದ್ಯದಲ್ಲಿ ನಡೆದದ್ದು ಆ ಅಭ್ಯಾಸಬಲದಿಂದಲೇ ಹೊರತು ಬೇಕೆಂದು ಅಲ್ಲ.' ಕೆಳಗೆ ಅವರ ಹೆಸರು, ಸಹಿಗೆ ಜಾಗ.

"ಸೋಮವಾರ ರಗ್ಬಿ ಸಂಘದಲ್ಲಿ ವಿಚಾರಣೆ ಸಾರ್," ಎಂದಳು ದಿವ್ಯ. "ನೀವು ಸಹಿ ಹಾಕಿದ್ರೆ ಎಚ್ಚರಿಕೆ ಕೊಟ್ಟು ಬಿಟ್ಬಿಡ್ತಾರಂತೆ. ಇಲ್ಲಾಂದ್ರೆ ಎರಡು ವರ್ಷ ಆಡೋಹಂಗಿಲ್ಲ."

ಅವಳಿಗೆ ಈಗಲೇ ಮೂವತ್ತೊಂದು. ಎರಡು ವರ್ಷ ಅಂದರೆ ಆಟ ಮುಗಿದ ಹಾಗೆಯೇ.

ಹದಿನೆಂಟಕ್ಕೆ ಕಬಡ್ಡಿ ಬಿಟ್ಟು ರಗ್ಬಿಗೆ ಹೋದ ಹುಡುಗಿ ಅದು, ಏಳು ಜನರ ಆಟಕ್ಕೆ. "ಮೊಟ್ಟೆ ಆಕಾರದ ಚೆಂಡು ತಬ್ಕೊಂಡು ಓಡೋದೂ ಒಂದು ಆಟವಾ?" ಎಂದು ಕದಿರಪ್ಪ ಎರಡು ವರ್ಷ ಮಾತು ಬಿಟ್ಟಿದ್ದರು. ಅವಳು ರಾಜ್ಯ ತಂಡ ಸೇರಿದಾಗ ಮಾತ್ರ ಪೇಪರಿನ ಫೋಟೋ ಕತ್ತರಿಸಿ ಬೀರುವಿಗೆ ಅಂಟಿಸಿದರು. ತಂಡ ಅವಳನ್ನು ಕೈಬಿಟ್ಟ ವರ್ಷ, ರಗ್ಬಿಯಲ್ಲೇ ಇನ್ನೊಂದು ಬಗೆಯಾದ ಹದಿಮೂರು ಜನರ ಆಟಕ್ಕೆ ಹೊರಟುಹೋದಳು. ಅಲ್ಲಿ ಕಾನೂನೇ ಬೇರೆ. ಏಳರ ಆಟದಲ್ಲಿ ನೆಲಕ್ಕೆ ಬಿದ್ದವರು ತಕ್ಷಣ ಚೆಂಡು ಬಿಡಬೇಕು. ಹದಿಮೂರರಲ್ಲಿ ಬಿಡಬೇಕಾಗಿಲ್ಲ, ಎದ್ದು ಕಾಲಿನಿಂದ ಹಿಂದಕ್ಕೆ ಉರುಳಿಸಿ ಮತ್ತೆ ಆಡಬೇಕು. ಅದನ್ನೂ ಮೈಗೆ ಹತ್ತಿಸಿಕೊಂಡು ದೇಶಕ್ಕೂ ಆಡಿ ಬಂದಳು. ಈ ವರ್ಷ ಮತ್ತೆ ಏಳರ ಆಟಕ್ಕೆ ವಾಪಸ್ಸು. ರಾಜ್ಯದ ಅಂಗಿ ಇನ್ನೊಂದೇ ಒಂದು ಸಲ ತೊಡಬೇಕೆಂಬ ಹಠ. ನರಸಾಪುರದ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟು ಮುಗಿಸಿ, ಕಂಪನಿ ಬಸ್ಸಿಳಿದು, ಅನ್ನವನ್ನೂ ತಿನ್ನದೆ ಮೈದಾನಕ್ಕೆ ಓಡುತ್ತಿದ್ದಳು.

ಕೋಲಾರದಲ್ಲಿ ನಡೆದ ಆಯ್ಕೆ ಪಂದ್ಯದಲ್ಲಿ ಎಡವಟ್ಟಾಯಿತು. ಶ್ರೀನಿವಾಸಪುರದ ಕಡೆಯ ರಮ್ಯ ಎಂಬ ಇಪ್ಪತ್ತರ ಹುಡುಗಿ ಚೆಂಡು ಹಿಡಿದು ಗೆರೆಯ ಪಕ್ಕದಲ್ಲೇ ಹಾರಿಬರುತ್ತಿದ್ದಳು. ದಿವ್ಯ ಅಡ್ಡ ಬಂದು ಭುಜದಿಂದ ಗುದ್ದಿದಳು. ರಗ್ಬಿ ಏಳರದಾಗಲಿ ಹದಿಮೂರರದಾಗಲಿ, ಎದುರಾಳಿಯನ್ನು ತೋಳಿನಿಂದ ತಬ್ಬಿಯೇ ಕೆಡವಬೇಕು; ತಬ್ಬದೆ ಗುದ್ದುವುದು ದೊಡ್ಡ ಅಪರಾಧ. ರಮ್ಯಳ ಮಂಡಿ ಹೋಯಿತು. ಆಪರೇಷನ್ ಆಗಿ ಒಂದೂವರೆ ತಿಂಗಳಾದರೂ ಊರುಗೋಲು ಬಿಟ್ಟಿಲ್ಲ. ಪಾಪ, ಆಟ ಬದಲಾಯಿಸಿ ಬದಲಾಯಿಸಿ ಮೈಗೆ ಗೊಂದಲವಾಗಿದೆ, ಹಳೇ ಕಬಡ್ಡಿ ಬುದ್ಧಿ ಎದ್ದುಬಂತು ಎಂದು ಎಲ್ಲರೂ ಅಂದರು. ದಿವ್ಯ ಇಲ್ಲವೆನ್ನಲಿಲ್ಲ.

"ಪೋನೀ, ಹೋಗ್ಲಿ ಬಿಡಿ, ಹಾಕ್ಬಿಡಿ ಒಂದು ಸಹಿ," ಎಂದರು ಕಾಫಿ ತಂದ ಗಂಗರತ್ನಮ್ಮ. "ನಾವು ಎತ್ತಿ ಆಡ್ಸಿದ ಮಗು. ನಿಮ್ಮ ಗಂಟೇನು ಹೋಗುತ್ತೆ?"

"ನೀನು ಸುಮ್ನಿರೇ," ಎಂದು ಹೆಂಡತಿಯ ಮೇಲೆ ರೇಗಿದರು ಕದಿರಪ್ಪ. ಸಹಿ ಹಾಕದಿದ್ದರೆ ಮಗಳಂಥವಳ ಆಟ ತಮ್ಮ ಕೈಯಾರೆ ಮುಗಿಯುತ್ತದೆ. ಹಾಕಿದರೆ ತಾವು ಮೂವತ್ತು ವರ್ಷ ಕಲಿಸಿದ್ದು ಜನರ ಕಾಲು ಮುರಿಯುವ ವಿದ್ಯೆ ಎಂದು ತಾವೇ ಬರೆದುಕೊಟ್ಟ ಹಾಗೆ.

"ಕಬಡ್ಡಿ ಬಿಟ್ಟು ಎಷ್ಟು ವರ್ಷ ಆಯ್ತಮ್ಮಾ?"

"ಹದಿಮೂರು ಸಾರ್."

"ಅಭ್ಯಾಸ ಇನ್ನೂ ಮೈಯಲ್ಲಿದೆಯಾ?"

ದಿವ್ಯ ನೆಲ ನೋಡಿಕೊಂಡು, "ಇದೆ ಸಾರ್," ಎಂದಳು.

"ಚೆಂಡು ತಗೊಂಡು ನಡಿ ಮೈದಾನಕ್ಕೆ."

ಶಾಲೆಯ ಮೈದಾನದ ಅಂಚಿನಲ್ಲಿ ಯಾರೋ ರಾಗಿ ಹುಲ್ಲು ಒಣಹಾಕಿದ್ದರು. ಕದಿರಪ್ಪ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಚೆಂಡನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಬೆಳೆ ಹೇಗಿದೆ, ನಿಮ್ಮಪ್ಪನ ಬೆನ್ನುನೋವು ಹೇಗಿದೆ ಎಂದು ಏನೇನೋ ಕೇಳುತ್ತ ಅವಳ ಪಕ್ಕದಲ್ಲಿ ನಡೆದರು. ನಡೆಯುತ್ತಿದ್ದವರು ಇದ್ದಕ್ಕಿದ್ದಂತೆ ಗೆರೆ ಹಿಡಿದು ಓಟ ಕಿತ್ತರು. ಅರವತ್ತಾರರ ಮುದುಕ!

"ಹಿಡಿಯೇ!" ಎಂದು ಕೂಗಿದರು.

ಯೋಚಿಸಲು ಅವಳಿಗೆ ಸಮಯವಿರಲಿಲ್ಲ, ಅವರಿಗೆ ಬೇಕಾದದ್ದೂ ಅದೇ. ನಾಲ್ಕು ಹೆಜ್ಜೆಯಲ್ಲಿ ಬಂದಳು. ತಲೆ ಪಕ್ಕಕ್ಕೆ ಸರಿಯಿತು, ಎರಡೂ ತೋಳು ಅವರ ಸೊಂಟವನ್ನು ಬಳಸಿ ಬೀಗ ಹಾಕಿದವು. ಬೀಳುವಾಗ ಮೈ ತಿರುಗಿಸಿ ತಾನು ಕೆಳಗಾದಳು, ಅವರನ್ನು ಎದೆಯ ಮೇಲೆ ಇಳಿಸಿಕೊಂಡಳು. ಕದಿರಪ್ಪನವರಿಗೆ ಮೊಣಕೈ ತರಚಿದ್ದಷ್ಟೇ.

ಇಬ್ಬರೂ ಧೂಳಿನಲ್ಲಿ ಎದ್ದು ಕೂತರು. ಅವಳು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು.

"ಇದು ಕಣಮ್ಮ ನಿನ್ನ ಅಭ್ಯಾಸ," ಎಂದರು ಏದುಸಿರು ಬಿಡುತ್ತ. "ಅವತ್ತಿಂದು ಏನು?"

ದಿವ್ಯ ಅಳದೆಯೇ ಹೇಳಿದಳು. "ಅವಳು ನನ್ನ ದಾಟಿ ಹೋಗಿದ್ರೆ ತಂಡದಲ್ಲಿ ಆ ಜಾಗ ಅವಳ್ದು ಸಾರ್. ಗೊತ್ತಿದ್ದೇ ಗುದ್ದಿದೆ. ತಬ್ಬೋಕೆ ಕೈ ಮುಂದಕ್ಕೆ ಬಂತು. ನಾನೇ ಮಡಚ್ಕೊಂಡೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ. ನಿನ್ನ ಹೊಟ್ಟೆಕಿಚ್ಚಿಗೆ ನನ್ನ ಕಬಡ್ಡಿ ಬೇಕಾಗಿತ್ತಾ?" ಎಂದರು ಕದಿರಪ್ಪ. ಸಿಟ್ಟಿನ ಜೊತೆಗೆ, ನಿಜ ಹೇಳಬೇಕೆಂದರೆ, ಅವರಿಗೆ ಸಮಾಧಾನವೂ ಆಗಿತ್ತು. ತಮ್ಮ ಆಟದ ಮಾನ ಉಳಿಯಿತು. "ನಾನು ಸಹಿ ಹಾಕಲ್ಲ. ಆ ಹುಡುಗಿಗೆ ಫೋನ್ ಮಾಡು. ಈಗಲೇ, ನನ್ನ ಮುಂದೆ."

ದಿವ್ಯ ಫೋನ್ ಮಾಡಿದಳು. ಮೇಷ್ಟ್ರಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

"ಅಕ್ಕಾ, ನಾನೇ ಮಾಡೋಣ ಅಂತಿದ್ದೆ," ಎಂದಿತು ಆ ಕಡೆಯಿಂದ ಎಳೆಯ, ಗೆಲುವಾದ ದನಿ. "ಸೋಮವಾರ ನಾನೂ ಬರ್ತೀನಿ. ಅಕ್ಕ ಬೇಕಂತ ಮಾಡಿಲ್ಲ ಅಂತ ನಾನೇ ಹೇಳ್ತೀನಿ, ನೀವು ಹೆದರ್ಕೋಬೇಡಿ."

"ರಮ್ಯ, ಕೇಳಿಲ್ಲಿ," ಎಂದಳು ದಿವ್ಯ. "ಅಭ್ಯಾಸ ಅಲ್ಲ ಅದು. ಬೇಕಂತ್ಲೇ ಹೊಡೆದೆ. ಸೋಮವಾರ ಅವರ ಮುಂದೂ ಇದನ್ನೇ ಹೇಳ್ತೀನಿ."

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು. ಮತ್ತೊಂದು ಸಲ ಕೂಗಿತು. ಕರೆ ಕಟ್ಟಾಗಿಲ್ಲ ಎನ್ನುವುದು ಅದರಿಂದಲೇ ಗೊತ್ತಾಗುತ್ತಿತ್ತು.

"ಯಾಕಕ್ಕಾ ಹೇಳಿದ್ರಿ?" ಎಂದಳು ರಮ್ಯ ಕೊನೆಗೆ. "ಯಾರ್ದೂ ತಪ್ಪಿಲ್ಲ ಅಂದ್ಕೊಂಡು ದಿನಾ ಬೆಳಿಗ್ಗೆ ಹಲ್ಲುಕಚ್ಚಿ ಮಂಡಿ ಮಡಿಸ್ತಿದ್ದೆ. ನಾಳೆ ಏನಂದ್ಕೊಂಡು ಮಡಿಸ್ಲಿ?"

ಕದಿರಪ್ಪ ತಲೆ ತಗ್ಗಿಸಿದರು. ಫೋನ್ ಮಾಡು ಎಂದವರು ಅವರು. ಆ ಹುಡುಗಿಯ ಮಂಡಿಯ ವಿಚಾರ ಅವರ ತಲೆಗೆ ಒಂದು ಸಲವೂ ಬಂದಿರಲಿಲ್ಲ. ನಾಚಿಕೆಯಿಂದ ಅವರಿಗೆ ದಿವ್ಯಳ ಮುಖ ನೋಡಲಾಗಲಿಲ್ಲ.

"ನಾಳೆ ನಿಮ್ಮನೆಗೆ ಬರ್ತೀನಿ," ಎಂದಳು ದಿವ್ಯ.

"ನಾನೂ ಬರ್ತೀನಮ್ಮಾ," ಎಂದರು ಕದಿರಪ್ಪ, ಯಾರೂ ಕೇಳದಿದ್ದರೂ.

"ಬನ್ನಿ," ಎಂದಳು ರಮ್ಯ. "ಆದ್ರೆ ಅಮ್ಮಂಗೆ ನೀವೇ ಹೇಳ್ಬೇಕು ಅಕ್ಕಾ, ನನ್ನ ಕೈಲಾಗಲ್ಲ. ಸೋಮವಾರ ನಿಮಗೇನೂ ಆಗ್ಬಾರ್ದು ಅಂತ ಅವ್ರು ಹರಕೆ ಕಟ್ಕೊಂಡಿದ್ದಾರೆ."