ಎಡಗೈ ಹೊಲಿಗೆ

ದಬ್ಬಳ ತೊಗಲಿನಲ್ಲಿ ಸಿಕ್ಕಿಕೊಂಡಿತ್ತು. ಮಗಳು ಬತ್ತಳಿಕೆಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಹಲ್ಲು ಕಚ್ಚಿ, ಎಡಗೈಯಿಂದ ಎಳೆದಳು. ಒದ್ದೆ ತೊಗಲು ಕಿರುಗುಟ್ಟಿ ಬಿಟ್ಟುಕೊಟ್ಟಿತು. ಬಾಯಿಯ ಸುತ್ತ ಇನ್ನೊಂದು ಗೇಣು ಹೊಲಿಗೆ ಬಾಕಿ. ಆಕಾರ ಕೆಡದಂತೆ ಒಳಗೆ ಮರಳು ತುಂಬಿತ್ತು.

ಬತ್ತಳಿಕೆ ಮಾಡುವವನು ಸತ್ತರೆ, ಅವನು ಅರ್ಧಕ್ಕೆ ಬಿಟ್ಟದ್ದನ್ನು ಮನೆಯವರು ಮುಗಿಸಿ ಹೆಣದ ಜೊತೆ ಕಳಿಸಬೇಕು. ಈ ಕಸುಬಿನವರ ರೂಢಿ ಅದು. ಅಪ್ಪ ಪಕ್ಕದ ಕೋಣೆಯಲ್ಲಿ ಅಂಗಾತ ಮಲಗಿ ಕಾಯುತ್ತಿದ್ದ. ಅವನು ಯಾರಿಗಾದರೂ ಕಾದದ್ದು ಜೀವಮಾನದಲ್ಲಿ ಇದೇ ಮೊದಲು.

ಅಣ್ಣ ಬೆಳಗಿನ ಬಸ್ಸಿಗೆ ಬಂದಿದ್ದ. ಇಪ್ಪತ್ತಾರು ವರ್ಷದ ಮೇಲೆ ಈ ಹೊಸ್ತಿಲು ತುಳಿದವನು ಹೆಣದ ಮುಖ ನೋಡದೆ ನೇರ ಕೆಲಸದ ಕೋಣೆಗೆ ಬಂದು ಕೂತ. ಬಲಗೈಯ ಮೂರು ಬೆರಳು ಒಳಕ್ಕೆ ಮುರುಟಿಕೊಂಡಿದ್ದವು.

"ಶಾಲೇಲಿ ಕೆಲಸ ಹೇಗಿದೆ ಅಣ್ಣ?"

"ಗಂಟೆ ಹೊಡೆಯೋಕೆ ಒಂದು ಕೈ ಸಾಕು ಕಣೇ." ನಕ್ಕ. "ಆದ್ರೂ ಈ ಕೈ ನೋಡಿದಾಗೆಲ್ಲ ನಂಗೆ ಒಂಥರಾ ಸಮಾಧಾನ. ಅಪ್ಪನ ಕಣ್ಣಿಗೆ ಮಣ್ಣೆರಚಿದವನು ಅಂದ್ರೆ ನಾನೊಬ್ಬನೇ. ನಿನ್ನ ಉಳಿಸಿದ್ನಲ್ಲ."

ಆ ಋಣ ನೆನೆಯದೆ ಅವಳು ಒಂದು ದಿನವೂ ಸೂಜಿ ಹಿಡಿದವಳಲ್ಲ.

* * *

ಅವಳಿಗಾಗ ಹದಿನಾಲ್ಕು, ಅಣ್ಣನಿಗೆ ಹದಿನೇಳು. ಬತ್ತಳಿಕೆಗೆ ಬೆನ್ನಿನ ತೊಗಲೇ ಆಗಬೇಕು. ಹೊಟ್ಟೆಯ ತೊಗಲು ನೆಂದರೆ ಹಿಗ್ಗಿ ಜೋತುಬೀಳುತ್ತದೆ. ಅವಳು ನುಣುಪಿಗೆ ಮರುಳಾಗಿ ಹೊಟ್ಟೆಯದನ್ನೇ ಕತ್ತರಿಸಿ ಹೊಲಿದುಬಿಟ್ಟಿದ್ದಳು. ಬಿಲ್ಲಿನ ಪಂದ್ಯದ ದಿನವೇ ಮಳೆ ಹೊಯ್ಯಿತು. ಅದನ್ನು ಕೊಂಡಿದ್ದ ಬಿಲ್ಲುಗಾರ ಬಗ್ಗಿದ್ದೇ ತಡ, ಬಾಣಗಳೆಲ್ಲ ಕೆಸರಿಗೆ ಸುರಿದವು. ಅವನು ಬಂದು ಬತ್ತಳಿಕೆಯನ್ನು ಅಪ್ಪನ ಮುಖಕ್ಕೆ ಎಸೆದು ಹೋದ.

ಅಪ್ಪ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ಯಾರು ಹೊಲಿದಿದ್ದು?"

ಅವಳು ಎಡಗೈಯನ್ನು ಲಂಗದ ಮರೆಗೆ ಸರಿಸಿದಳು.

"ನಾನು" ಅಂದ ಅಣ್ಣ.

ಅಪ್ಪ ಒಮ್ಮೆ ಅವಳ ಕಡೆ ನೋಡಿದ. ಆಮೇಲೆ ಅಣ್ಣನ ಬಲಗೈಯನ್ನು ಹಲಗೆಗೆ ಒತ್ತಿ, ಅಂಗೈ ನಡುವೆ ದಬ್ಬಳ ಇಟ್ಟು, ಕೊಡತಿಯಿಂದ ಒಂದೇ ಒಂದು ಏಟು ಹಾಕಿದ. ತೊಗಲಿಗೆ ಹಾಕುವಷ್ಟೇ ಅಳತೆಯ ಏಟು. ದಬ್ಬಳ ಕೈ ದಾಟಿ ಹಲಗೆಗೆ ಕಚ್ಚಿತು. ಅದನ್ನು ಹಾಗೆಯೇ ಬಿಟ್ಟು ಅಪ್ಪ ಊಟಕ್ಕೆ ಹೋದ. ಕಿತ್ತವಳು ಅವಳು, ಎರಡೂ ಕೈಯಿಂದ.

* * *

ಕೊನೆಯ ಗಂಟು ಹಾಕಿ, ಅಪ್ಪನ ಪಕ್ಕ ಇಡಲು ಬತ್ತಳಿಕೆ ಎತ್ತಿಕೊಂಡು ಹೊರಟಳು. ಅಣ್ಣ ಹಿಂದೆಯೇ ಬಂದ. ಹೆಣದ ಕೋಣೆಯಲ್ಲಿ ಹದದ ಮಾವ ಇವರಿಗೆ ಬೆನ್ನು ಹಾಕಿ ಕೂತು, ನೆರೆದವರಿಗೆ ಹೇಳುತ್ತಿದ್ದ. ಅಪ್ಪನಿಗೆ ತೊಗಲು ಹದಮಾಡಿ ಕೊಡುತ್ತಿದ್ದವನು ಅವನೇ. ಸತ್ತವರನ್ನು ಹೊಗಳಬೇಕಲ್ಲ, ಹೊಗಳುತ್ತಿದ್ದ.

"ಅವನ ಕಣ್ಣು ಅಂದ್ರೆ ಕಣ್ಣು! ಆ ಬತ್ತಳಿಕೆ ಕೆಟ್ಟ ಮಾರನೇ ದಿನ ನಾನು ಕೇಳ್ದೆ. 'ಅಲ್ಲಯ್ಯಾ, ಎಳೆ ವಾಲಿರೋದು ನೋಡಿದ್ರೆ ಕುರುಡನಿಗೂ ಗೊತ್ತಾಗುತ್ತೆ, ಇದು ಎಡಗೈ ಹೊಲಿಗೆ ಅಂತ. ಹುಡುಗನ ಕೈ ಯಾಕೆ ಚುಚ್ಚಿದೆ?' ಅಂತ. ಏನಂದ ಗೊತ್ತಾ? 'ನಂಗೂ ಗೊತ್ತು. ಹುಡುಗಿ ಕೈಲಿ ಕಸುಬಿದೆ, ಅದನ್ನ ಕೆಡಿಸೋಕಾಗುತ್ತಾ? ಇವನದು ಹೇಗೂ ದಂಡದ ಕೈ' ಅಂದ. ಎಂಥಾ ಲೆಕ್ಕಾಚಾರ ನೋಡಿ!"

ಒಬ್ಬಿಬ್ಬರು ನಕ್ಕರು. ಯಾರೋ ಕಣ್ಸನ್ನೆ ಮಾಡಿದ ಮೇಲೆ ಮಾವ ತಿರುಗಿ ನೋಡಿದ. ಹೊತ್ತು ಮೀರಿತ್ತು.

ಅಣ್ಣ ತನ್ನ ಅಂಗೈ ನೋಡಿಕೊಂಡ. "ಅವನಿಗೆ ಗೊತ್ತಿತ್ತಾ?" ಎಂದು ಮೆಲ್ಲಗೆ ಕೇಳಿದ.

ಅವನು ಕೆಲಸದ ಕೋಣೆಗೆ ನುಗ್ಗಿ ಕೊಡತಿ ತಂದ. ಹೊದಿಕೆ ಕಿತ್ತೆಸೆದು, ಅಪ್ಪನ ಸೆಟೆದ ಬಲಗೈಯನ್ನು ಎಳೆದು ಚಟ್ಟದ ಬಿದಿರಿಗೆ ಒತ್ತಿದ. ಹೆಂಗಸರು ಕಿರುಚಿದರು. ತಡೆಯಲು ಬಂದ ಮಾವನ ಎದೆಗೆ ಮೊಣಕೈ ಬಿತ್ತು. ಮುದುಕ ಗೋಡೆಗೆ ಬಡಿದು ಕುಸಿದ. ಕೊಡತಿ ಮೇಲೆದ್ದಿತು.

"ಅಣ್ಣಾ!" ಅವಳು ಅಡ್ಡ ಬಂದಳು. "ಅದು ಸತ್ತ ಕೈ. ಅದಕ್ಕೆ ನೋವಾಗಲ್ಲ. ಅವನಿಗೆ ನೋವಾಗೋದು ಇದಕ್ಕೆ ಹೊಡೆದ್ರೆ."

ಬತ್ತಳಿಕೆಯನ್ನು ಅಪ್ಪನ ಎದೆಯ ಮೇಲಿಟ್ಟಳು. ಸೊಂಟದಿಂದ ರಂಪಿಗೆ ತೆಗೆದು, ತೊಗಲು ಕತ್ತರಿಸುವ ಆ ಅಲಗನ್ನು ಅಣ್ಣನ ಮುರುಟಿದ ಕೈಗೆ ಕೊಟ್ಟಳು. ಬೆರಳು ಹಿಡಿಯಲಿಲ್ಲ, ಜಾರಿತು. ಅವಳು ತನ್ನ ಎಡಗೈಯನ್ನು ಅವನ ಕೈ ಮೇಲೆ ಬಿಗಿದಳು. ಇಬ್ಬರೂ ಸೇರಿ ಬತ್ತಳಿಕೆಯನ್ನು ಬಾಯಿಂದ ಬುಡದವರೆಗೆ ಸೀಳಿದರು.

"ಅಯ್ಯೋ, ಎಂಥಾ ಕೆಲಸ ಕಣಮ್ಮಾ ಇದು!" ಅಂದ ನೆಲದಲ್ಲಿ ಬಿದ್ದಿದ್ದ ಮಾವ.

"ಒಳ್ಳೇ ಕೆಲಸ ಮಾವ. ಬೆನ್ನಿನ ತೊಗಲು. ಒಂದೂ ಹೊಲಿಗೆ ತಪ್ಪಿಲ್ಲ."

ಹೆಗಲು ಕೊಡಲು ಅಣ್ಣನನ್ನು ಕರೆದರು. ಅವನು ಹೋಗಲಿಲ್ಲ. ಅವನ ಕೈ ಇನ್ನೂ ಅವಳ ಎಡಗೈಯಲ್ಲೇ ಇತ್ತು. ಚಟ್ಟ ಹೊಸ್ತಿಲು ದಾಟಿತು. ಬಿದಿರಿನ ಸಂದಿಯಿಂದ ಮರಳು ಸಣ್ಣಗೆ ಸುರಿಯುತ್ತ, ಮೆಟ್ಟಿಲಿಳಿದು, ಬೀದಿಯುದ್ದಕ್ಕೂ ಗೆರೆ ಎಳೆಯುತ್ತ ಹೋಯಿತು. ತಿರುವಿಗೆ ಬರುವಷ್ಟರಲ್ಲಿ ಬತ್ತಳಿಕೆ ಬರಿದಾಗಿ, ಅಪ್ಪನ ಎದೆಯ ಮೇಲೆ ಹೊಟ್ಟೆಯ ತೊಗಲಿನಂತೆ ಜೋತುಬಿದ್ದಿತ್ತು.