ಭಾರ ಬೀಳುವ ತುದಿ

“ತೆಗಿಯೋ ಕೈನ! ಕೊಂದ ಕೈಯಲ್ಲೇ ಹೊರೋಕೂ ಬಂದಿದ್ದೀಯಾ?”

ಡೆಲ್ಮರ್ ಮಾವ ಇದನ್ನು ಗುಟ್ಟಾಗಿ ಹೇಳಲಿಲ್ಲ. ಚರ್ಚಿನ ಮೆಟ್ಟಿಲ ಮೇಲಿದ್ದವರಿಗೆ, ಮರದ ಕೆಳಗೆ ಸಿಗರೇಟು ಸೇದುತ್ತಿದ್ದ ಗಣಿಯ ಹಳಬರಿಗೆ, ಶವದ ಗಾಡಿಯ ಡ್ರೈವರನಿಗೆ, ಎಲ್ಲರಿಗೂ ಕೇಳಲಿ ಎಂದೇ ಹೇಳಿದ. ಡಾಸನ್ ಆಗಷ್ಟೇ ತಾತನ ಶವಪೆಟ್ಟಿಗೆಯ ಹಿಡಿಗೆ ಕೈ ಹಾಕಿದ್ದ.

“ಮಾವ, ಗುಡ್ಡ ಹತ್ತೋವಾಗ ಹಿಂದಿನ ತುದಿ ನಂದು. ತಾತನೇ ಹೇಳಿದ್ದು.”

“ಹೇಳಿದ್ನಂತೆ! ಹತ್ತನೇ ಕ್ಲಾಸು ದಾಟದವನು ಡಾಕ್ಟರಾಗೋಕೆ ಹೊರಟೆ. ನಾನು ಯಾರ್ಯಾರಿಗೋ ಹೇಳಿ ದೊಡ್ಡ ಕಂಪನಿಯಿಂದ ಮಷೀನು ತರಿಸಿಕೊಟ್ರೆ, ಅದನ್ನ ವಾಪಸ್ ಕಳಿಸಿ, ಟೈರ್ ಅಂಗಡಿ ಪಕ್ಕದ ಯಾವಳದೋ ಕೈಗೆ ನಮ್ಮಪ್ಪನ ಉಸಿರು ಕೊಟ್ಟೆ. ಈಗ ನೋಡು, ಎಲ್ಲಿ ಮಲಗಿದ್ದಾನೆ.”

ಹೊಬರ್ಟ್ ತಾತ ಸತ್ತದ್ದು ಮಟಮಟ ಮಧ್ಯಾಹ್ನ. ಜಗಲಿಯ ಕುರ್ಚಿಯಲ್ಲಿ ಕೂತು ಬೀನ್ಸಿನ ನಾರು ಬಿಡಿಸುತ್ತಿದ್ದವನು ಹಾಗೇ ಎದೆ ಹಿಡಿದುಕೊಂಡು ವಾಲಿದ. ಮಲಗುವಾಗ ಮಾತ್ರ ಹಾಕಿಕೊಳ್ಳುವ ಉಸಿರಿನ ಮಷೀನು ಒಳಗೆ ಮಂಚದ ಪಕ್ಕ ತನ್ನಷ್ಟಕ್ಕೆ ತಾನಿತ್ತು. ಇದು ಕಣಿವೆಯಲ್ಲಿ ಎಲ್ಲರಿಗೂ ಗೊತ್ತು. ಆದರೂ ಯಾರೂ ಬಾಯಿ ಬಿಡಲಿಲ್ಲ. ಅಪ್ಪನನ್ನು ಕಳಕೊಂಡವನ ಬಾಯಿಗೆ ಅಡ್ಡ ಹೋಗುವುದು ಹೇಗೆ?

ಡಾಸನನ ಮುಷ್ಟಿ ತಾನಾಗಿಯೇ ಬಿಗಿಯಿತು. ಮಾವನ ಮೂಗು ಒಂದು ಮೊಳ ದೂರದಲ್ಲಿತ್ತು. ಅಷ್ಟರಲ್ಲಿ ಓಪಲ್ ಅಜ್ಜಿ ಬಂದು ಅವನ ತೋಳಿಗೆ ಕೈ ಹಾಕಿದಳು.

“ನಂಗೆ ಮೆಟ್ಟಿಲು ಹತ್ತೋಕಾಗಲ್ಲ. ಹಿಡ್ಕೋ.”

ಅಜ್ಜಿ ಮೊನ್ನೆಯವರೆಗೂ ಕೋಳಿ ಅಟ್ಟಿಸಿಕೊಂಡು ಗುಡ್ಡ ಹತ್ತುತ್ತಿದ್ದವಳು. ಡಾಸನ್ ಪೆಟ್ಟಿಗೆ ಬಿಟ್ಟು ಅಜ್ಜಿಯನ್ನು ಹಿಡಿದುಕೊಂಡ.

* * *

ಒಳಗೆ ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟಿದ್ದರು. ತಾತ ನೀಲಿ ಕೋಟಿನಲ್ಲಿ ಮಲಗಿದ್ದ. ಕೆನ್ನೆ ಎರಡೂ ಒಳಗೆ ಹೋಗಿದ್ದವು. ನೋಡಿದ ಡೆಲ್ಮರನ ಮುಖ ಕೆಂಪಾಯಿತು.

“ಅಮ್ಮಾ, ಹಲ್ಲಿನ ಸೆಟ್ಟಾದ್ರೂ ಹಾಕಿಸಬಾರದಿತ್ತಾ? ಜನ ನೋಡ್ತಾರೆ.”

“ಹಾಕಬೇಡಿ ಅಂತ ನಾನೇ ಹೇಳ್ದೆ. ನಿಮ್ಮಪ್ಪ ಯಾವತ್ತು ಹಲ್ಲು ಹಾಕ್ಕೊಂಡು ಮಲಗಿದ್ದ?” ಅಜ್ಜಿ ಕೋಟಿನ ಜೇಬು ತಟ್ಟಿದಳು. ಒಳಗೆ ನಶ್ಯದ ಡಬ್ಬಿ ಕಟಕ್ ಎಂದಿತು. “ಹಲ್ಲು ಇದರೊಳಗಿಟ್ಟಿದ್ದೀನಿ. ಅಲ್ಲಿ ಎದ್ದ ಮೇಲೆ ಊಟಕ್ಕೆ ಬೇಕಲ್ಲ.”

ಹಿಂದಿನ ಸಾಲಿನಲ್ಲಿ ಕೂತಿದ್ದ ಕ್ಲೆಟಸ್, ತಾತನ ಜೊತೆ ಗಣಿಗಿಳಿದವನು, ನಗು ತಡೆಯಲಾಗದೆ ಕೆಮ್ಮಿದಂತೆ ಮಾಡಿದ.

ಪಾದ್ರಿ ಮಾತು ಶುರು ಮಾಡಿದ. ಹೊಬರ್ಟ್ ಮೂವತ್ತು ವರ್ಷ ಕಲ್ಲಿದ್ದಲು ಅಗೆದ, ಆಮೇಲೆ ಶಾಲೆಯ ಬಸ್ಸು ಓಡಿಸಿದ, ಒಂದೇ ಒಂದು ಮಗುವಿಗೂ ಪೆಟ್ಟಾಗಗೊಡಲಿಲ್ಲ ಎಂದ. ಮೊದಲ ಸಾಲಿನಲ್ಲಿ ಡೆಲ್ಮರನ ತಲೆ ವಾಲಿತು. ಸ್ವಲ್ಪ ಹೊತ್ತಿಗೆ ಗೊರಕೆ ಎದ್ದಿತು. ಮೊದಲು ಸಣ್ಣಗೆ, ಆಮೇಲೆ ಗರಗಸ ಎಳೆದ ಹಾಗೆ. ಥಟ್ಟನೆ ನಿಂತಿತು. ಉಸಿರೇ ಇಲ್ಲ. ಪಾದ್ರಿಯೂ ನಿಲ್ಲಿಸಿದ. ಇಡೀ ಚರ್ಚು ಕಾದು ಕೂತಿತು. ಕೊನೆಗೆ ನೀರಲ್ಲಿ ಮುಳುಗಿದವನು ಮೇಲೆ ಬಂದಂತೆ ಮಾವ ಹಾ ಎಂದು ಗಾಳಿ ಎಳೆದುಕೊಂಡು ಕಣ್ಣುಬಿಟ್ಟ.

“ಅಯ್ಯಪ್ಪಾ, ಹೊಬರ್ಟೇ ಎದ್ದ ಅಂದ್ಕೊಂಡೆ,” ಎಂದ ಕ್ಲೆಟಸ್.

ಡಾಸನ್ ನಗಲಿಲ್ಲ. ಅಜ್ಜಿಯ ಮೊಣಕೈ ಗಾಳಿಯಲ್ಲಿ ಸುಮ್ಮನೆ ಒಮ್ಮೆ ಅಲ್ಲಾಡಿದ್ದನ್ನು ಅವನು ನೋಡಿದ. ಮದುವೆಯಾದಾಗಿನಿಂದ ಗಂಡನ ಪಕ್ಕೆಗೆ ತಿವಿದು ತಿವಿದು ಉಸಿರು ಹೊರಡಿಸಿದ ಮೊಣಕೈ ಅದು.

* * *

ತಾತನಿಗಿದ್ದದ್ದೂ ಇದೇ, ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ. ಹಗಲೆಲ್ಲ ತೂಕಡಿಕೆ. ಒಮ್ಮೆ ಟ್ರಕ್ಕನ್ನು ಹಳ್ಳದ ಅಂಚಿಗೆ ತಂದು ನಿಲ್ಲಿಸಿದ ಮೇಲೆ ತಾನಾಗಿಯೇ ಕೀಲಿಕೈ ತಂದು ಅಜ್ಜಿಯ ಕೈಗಿಟ್ಟ. ಅಷ್ಟು ಮಕ್ಕಳನ್ನು ಬಸ್ಸಿನಲ್ಲಿ ಹೊತ್ತು ಓಡಾಡಿದವನು ಅವತ್ತಿನಿಂದ ಪಕ್ಕದ ಸೀಟಿನಲ್ಲಿ ಕೂರತೊಡಗಿದ.

ಡೆಲ್ಮರ್ ಹೇಳಿಸಿದ ದೊಡ್ಡ ಕಂಪನಿಯವರು ಒಮ್ಮೆ ಬಂದು ಮುಖದ ಅಳತೆ ತೆಗೆದುಕೊಂಡು ಹೋದರು, ಮಷೀನು ಅಂಚೆಯಲ್ಲಿ ಬಂತು. ಮೂಗಿಗೂ ಬಾಯಿಗೂ ಸೇರಿಸಿ ಕಟ್ಟುವ ಮಾಸ್ಕು, ಅದರೊಳಗೆ ಗಾಳಿ ಊದುವ ಪೈಪು. ಹಾಕಿಕೊಂಡರೆ ಗಾಳಿ ಪಕ್ಕದಿಂದ ಸಿಳ್ಳೆ ಹೊಡೆದು ಕಣ್ಣಿಗೆ ನುಗ್ಗುತ್ತಿತ್ತು. ಫೋನು ಮಾಡಿದರೆ ಮೊದಲು ಸಂಗೀತ, ಆಮೇಲೆ ದಿನಕ್ಕೊಬ್ಬ ಹೊಸಬ, ಎಲ್ಲರದೂ ಒಂದೇ ಮಾತು: ಪಟ್ಟಿ ಬಿಗಿ ಮಾಡಿ. ತಾತ ಬಿಗಿ ಮಾಡಿದ. ಮೂಗಿನ ಮೇಲೆ ಹುಣ್ಣಾಯಿತು. ಕೊನೆಗೆ ಮಷೀನನ್ನು ಮಂಚದ ಕೆಳಗೆ ತಳ್ಳಿ, ಸತ್ತ ನಾಯಿಗೆ ಹೊದಿಸಿದಂತೆ ಅದರ ಮೇಲೆ ಹಳೇ ಕೋಟು ಹೊದಿಸಿದ.

ಕಾರಣ ಕಂಡದ್ದು ಒಂದು ಮಧ್ಯಾಹ್ನ. ಡಾಸನ್ ಬಲವಂತ ಮಾಡಿ ಕುರ್ಚಿಯಲ್ಲೇ ಮಾಸ್ಕು ಹಾಕಿಸಿದ. ಸಿಳ್ಳೆ ಇಲ್ಲ! ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ತಾತ ಒಂದು ನಿದ್ದೆ ತೆಗೆಯೋಣವೆಂದು ಒಳಗೆ ಹೋಗಿ, ಹಲ್ಲು ತೆಗೆದು ಲೋಟಕ್ಕೆ ಹಾಕಿ ಮಲಗಿದ. ಸಿಳ್ಳೆ ಶುರುವಾಯಿತು. ಹಲ್ಲಿದ್ದಾಗ ಉಬ್ಬಿದ ಕೆನ್ನೆಗೆ ಅಳತೆ ತೆಗೆದಿದ್ದರು. ಮಲಗುವ ಕೆನ್ನೆ ಬೇರೆಯೇ ಇತ್ತು. ಅಳತೆಯ ದಿನ ತಾತ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹೆಂಡತಿಯೊಬ್ಬಳನ್ನು ಬಿಟ್ಟು ಯಾರಿಗೂ ಅವನು ಬೋಳು ಬಾಯಿ ತೋರಿಸಿದವನಲ್ಲ. ಗಣಿಯವರ ಹಠ ಅದು.

ಡಾಸನ್ ಕಂಪನಿಗೆ ಫೋನು ಮಾಡಿದ. ಬೇರೆ ಅಳತೆ ಈಗ ಕೊಡಲು ಬರುವುದಿಲ್ಲ, ಪಟ್ಟಿ ಬಿಗಿ ಮಾಡಿ ಎಂದರು. ಅವನು ಅವರ ಮನೆಯವರನ್ನೆಲ್ಲ ನೆನೆಸಿಕೊಂಡು ಬೈದ. ಆ ಕಡೆ ಫೋನು ಇಟ್ಟರು. ಅವನು ಟ್ರಕ್ಕು ತೆಗೆದ.

ಟೈರ್ ಅಂಗಡಿಯ ಪಕ್ಕ ಇಂಥವೇ ಮಷೀನು, ಗಾಲಿಕುರ್ಚಿ, ಆಮ್ಲಜನಕದ ಸಿಲಿಂಡರು ಕೊಡುತ್ತಿದ್ದವಳು ವಾಂಡಾ.

“ಕಂಪನಿ ಬದಲಾಯಿಸೋದು ಅಂದ್ರೆ ಅಂಗಿ ಬದಲಾಯಿಸಿದ ಹಾಗಲ್ಲಪ್ಪ,” ಎಂದಳು. “ಹಳೇದು ವಾಪಸ್ ಹೋಗಬೇಕು. ಡಾಕ್ಟರು ಹೊಸದಾಗಿ ಬರೆದುಕೊಡಬೇಕು. ಇನ್ಶೂರೆನ್ಸಿನವರು ಹೂಂ ಅನ್ನಬೇಕು. ಅಲ್ಲೀತನಕ ಕೆಲವು ವಾರ ನಿಮ್ಮ ತಾತಂಗೆ ಯಾವ ಮಷೀನೂ ಇರಲ್ಲ. ಧೈರ್ಯ ಇದೆಯಾ?”

ಮನೆಯಲ್ಲಿ ಡೆಲ್ಮರ್ ಕುಣಿದಾಡಿದ. “ಈ ವಾರಗಳಲ್ಲಿ ಅಪ್ಪಂಗೆ ಏನಾದ್ರೂ ಆದ್ರೆ ನಿನ್ನ ತಲೆ ಮೇಲೆ!”

“ಆಗಲಿ,” ಎಂದಿದ್ದ ಡಾಸನ್. ಆ ವಾರಗಳಲ್ಲಿ ಅವನೂ ಅಜ್ಜಿಯೂ ಸರದಿಯ ಮೇಲೆ ತಾತನ ಪಕ್ಕ ಕೂತರು. ಉಸಿರು ನಿಂತಾಗ ತಿವಿಯುವುದು, ಹೊರಟಾಗ ತಾವೂ ಉಸಿರು ಬಿಡುವುದು.

ವಾಂಡಾ ಮನೆಗೇ ಬಂದಳು. ಅವಳು ಕೇಳಿದ ಮೊದಲ ಮಾತೇ, “ಮಲಗೋವಾಗ ಹೇಗಿರ್ತೀರೋ ಹಾಗೆ ಕೂತ್ಕೊಳ್ಳಿ.” ತಾತ ಡಾಸನ್ ಕಡೆ ನೋಡಿ, “ನೀನು ಆಚೆ ನಡಿ,” ಎಂದ. ಅವನು ಬಾಗಿಲವರೆಗೆ ಹೋದ.

“ಲೋ, ಇರು. ನಿಂಗೇನು ಮುಚ್ಚೋದು.”

ತಾತ ಗೋಡೆಯ ಕಡೆ ತಿರುಗಿ ಹಲ್ಲು ತೆಗೆದ. ಆಮೇಲೆ ನಿಧಾನಕ್ಕೆ ಇತ್ತ ತಿರುಗಿದ. ಗಣಿಯ ಚಾವಣಿ ಕುಸಿದಾಗ ಇಬ್ಬರನ್ನು ಹೊತ್ತು ತಂದ ಮನುಷ್ಯ ಮಗುವಿನ ಹಾಗೆ ಕಾಣುತ್ತಿದ್ದ. ವಾಂಡಾ ಒಂದಾದ ಮೇಲೊಂದು ಮಾಸ್ಕು ಹಿಡಿದು ನೋಡಿದಳು. ಕೊನೆಯದು ಕಟ್ಟಿದಾಗ ಕೋಣೆ ಮೌನವಾಯಿತು. ಅಜ್ಜಿ ಕಿವಿಗೊಟ್ಟು ಕೇಳಿ, ಕೇಳಿ, ಏಪ್ರನ್ನಿನಿಂದ ಮುಖ ಮುಚ್ಚಿಕೊಂಡಳು.

ಆ ವರ್ಷ ತಾತ ಕೀಲಿಕೈಯನ್ನು ಅಜ್ಜಿಯಿಂದ ವಾಪಸ್ ಇಸಿದುಕೊಂಡ. ಚರ್ಚಿನಲ್ಲಿ ಮತ್ತೆ ತಗ್ಗಿನ ದನಿ ಹಿಡಿದು ಹಾಡಿದ. ಗುಡ್ಡದ ಮೇಲೆ, ಮನೆತನದ ಸಮಾಧಿಗಳಿರುವಲ್ಲಿಗೆ ತಾನೇ ಹತ್ತಿ ಹೋಗಿ ಹುಲ್ಲು ಕತ್ತರಿಸಿದ. ಅಲ್ಲೇ ಕೂತು ಒಂದು ದಿನ ಡಾಸನನಿಗೆ ಹೇಳಿದ್ದ:

“ನನ್ನ ತರೋವಾಗ ಹಿಂದಿನ ತುದಿ ನೀನು ಹಿಡಿ. ಏರಿನಲ್ಲಿ ಭಾರ ಬೀಳೋದೆಲ್ಲ ಅಲ್ಲೇ. ಮುಂದಿನವರು ಬರೀ ದಾರಿ ತೋರಿಸ್ತಾರೆ. ನಿದ್ದೆ ಇಲ್ಲದೆ ಅಷ್ಟು ವಾರ ತಡಕೊಂಡವನು ನೀನು, ಇದೇನು ಮಹಾ.”

* * *

ಗಾಡಿ ಹಳ್ಳದ ಹತ್ತಿರ ನಿಂತಿತು. ಅಲ್ಲಿಂದ ಮುಂದೆ ಹೆಗಲೇ ಗತಿ. ಆರು ಜನ ಪೆಟ್ಟಿಗೆ ಎತ್ತಿದರು. ಹಿಂದಿನ ತುದಿಯ ಎಡಗಡೆ, ಡಾಸನ್ ನಿಲ್ಲಬೇಕಾದಲ್ಲಿ, ಡೆಲ್ಮರ್ ನಿಂತ. ಬಲಗಡೆ ಕ್ಲೆಟಸನ ಮಗ. ಡಾಸನ್ ಅಜ್ಜಿಯ ಕೈ ಹಿಡಿದು ಹಿಂದೆ ನಡೆದ. ಮಾವನ ಬೆನ್ನು ಬಿಟ್ಟು ಬೇರೇನೂ ಅವನಿಗೆ ಕಾಣುತ್ತಿರಲಿಲ್ಲ. ಆ ಬೆನ್ನಿಗೆ ಒಂದು ಒದೆ ಕೊಡಬೇಕೆಂದು ಕಾಲು ತುರಿಸುತ್ತಿತ್ತು.

ಕಲ್ಲು ಚಾಚಿಕೊಂಡ ತಿರುವಿನಲ್ಲಿ ಏರು ಗೋಡೆಯಂತೆ ನಿಂತಿದೆ. ಅಲ್ಲಿ ಪೆಟ್ಟಿಗೆ ಹಿಂದಕ್ಕೆ ಜಗ್ಗಿತು. ಡೆಲ್ಮರನ ಬಾಯಿ ತೆರೆಯಿತು. ಚರ್ಚಿನಲ್ಲಿ ಕೇಳಿದ ಅದೇ ಹಾ ಎಂಬ ಸದ್ದು, ಈಗ ಎಚ್ಚರದಲ್ಲೇ. ಮೊಣಕಾಲು ಮಡಚಿತು.

“ಹಿಡೀರೋ! ಜಾರ್ತಾ ಇದೆ!” ಎಂದು ಮುಂದಿನಿಂದ ಯಾರೋ ಕೂಗಿದರು.

ಅಜ್ಜಿ ಡಾಸನನ ತೋಳಿನಿಂದ ಕೈ ತೆಗೆದಳು.

“ಹೋಗು. ನಂಗೆ ಕಾಲಿದೆ.”

ಅವನು ಎರಡು ನೆಗೆತಕ್ಕೆ ಅಲ್ಲಿದ್ದ. ಮಾವನ ಬೆರಳುಗಳ ಕೆಳಗೆ ತನ್ನ ಬೆರಳು ತೂರಿಸಿ, ತುದಿಯ ಕೆಳಗೆ ಹೆಗಲು ಕೊಟ್ಟ. ಭಾರವೆಲ್ಲ ಒಮ್ಮೆಗೇ ಮೈಮೇಲೆ ಬಂತು. ತಾತ ಹೇಳಿದ್ದು ಸುಳ್ಳಲ್ಲ. ಪೆಟ್ಟಿಗೆ ನೆಟ್ಟಗಾಯಿತು.

ಡೆಲ್ಮರ್ ಹಾದಿಯ ಬದಿಯ ಕಲ್ಲಿನ ಮೇಲೆ ಕುಸಿದು ಕೂತ. ಎಲ್ಲರೂ ನೋಡುತ್ತಿದ್ದರು. ಅವನಿಗೂ ಅದು ಗೊತ್ತಿತ್ತು.

“ನೀನೇ... ಗೆದ್ದೆ ಅಂದ್ಕೋಬೇಡ,” ಎಂದ, ಉಸಿರು ಸಿಕ್ಕಷ್ಟು ಸಿಕ್ಕಷ್ಟು. “ನಮ್ಮಪ್ಪನ್ನ... ಏನಂತ... ಹೊರ್ತೀಯೋ ನೀನು? ಹೇಳು!”

ಹೇಳಲು ಡಾಸನನ ಬಾಯ್ತುಂಬ ಇತ್ತು. ಬೆಳಗಿನಿಂದ ಕೂಡಿಟ್ಟದ್ದು, ವರ್ಷದಿಂದ ಕೂಡಿಟ್ಟದ್ದು. ಹಿಂದೆ ಅಜ್ಜಿಯ ದನಿ ಕೇಳಿಸಿತು: “ಮಾತು ಆಮೇಲೆ. ಮೊದಲು ಉಸಿರಾಡು.” ಅವಳು ಮಗನ ಪಕ್ಕ ನಿಂತು, ಮೊಣಕೈಯಿಂದ ಅವನ ಪಕ್ಕೆಗೆ ತಿವಿಯುತ್ತಿದ್ದಳು.

ಡಾಸನ್ ತಿರುಗಿ ನೋಡಲಿಲ್ಲ. ಕೆನ್ನೆಯನ್ನು ಪೆಟ್ಟಿಗೆಯ ಮರಕ್ಕೆ ಒತ್ತಿ ಏರು ಹತ್ತಿದ. ಹೆಜ್ಜೆ ಇಟ್ಟಾಗಲೆಲ್ಲ ಒಳಗೆ ತಾತನ ಜೇಬಿನಲ್ಲಿ ನಶ್ಯದ ಡಬ್ಬಿ ಕಟಕ್, ಕಟಕ್ ಎನ್ನುತ್ತಿತ್ತು.