ಕಲೆಯಾಗದ ತುಂಡು

ಮರಿಯಮ್ಮ ಹಿತ್ತಲ ಕಲ್ಲಿನ ಮೇಲೆ ಹಳೆಯ ಸೀರೆಯ ತುಂಡುಗಳನ್ನು ಕುಕ್ಕುತ್ತಿದ್ದಳು. ಸೋಪು ಸವೆಯಿತು, ತೋಳು ಸೋತವು, ಹಳದಿ ಮಾತ್ರ ಬಿಡಲಿಲ್ಲ. ಪಕ್ಕದಲ್ಲೇ ಅವಳ ಓರಗಿತ್ತಿ ಮುನಿವೆಂಕಟಮ್ಮನ ಹೆಣಕ್ಕೆಂದು ಹಂಡೆಯಲ್ಲಿ ನೀರು ಕಾಯುತ್ತಿತ್ತು.

"ಈಗ್ಯಾಕಮ್ಮಿ ಒಗೀತಾ ಕುಂತೆ? ಸುಟ್ಟಾಕು," ಎಂದಳು ನೆರೆಮನೆಯ ವೆಂಕಟಲಕ್ಷ್ಮಮ್ಮ.

"ಅಕ್ಕ ಅಚ್ಚುಕಟ್ಟಿನೋಳು. ಇಂಗೇ ಬಿಟ್ರೆ ಬೈತಾಳೆ."

"ಬೈಯಾಕಾದ್ರೂ ಎದ್ರೆ ಒಳ್ಳೇದಾಯ್ತು ಬಿಡು. ಮುತ್ತೈದೆ ಅಂತ ಮೈಗೆ ಅರಿಶಿನ ಬಳದ್ರೆ, ಬಳದಿದ್ದೇ ಕಾಣಾಕಿಲ್ಲ ಕಣೆ."

ಮರಿಯಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಎರಡಕ್ಕೂ ತ್ರಾಣವಿರಲಿಲ್ಲ.

*

ಯಲಹಂಕದ ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು.

"ಪಿತ್ತ ಕರುಳಿಗೆ ಇಳಿಯೋ ದಾರಿ ಕಟ್ಕೊಂಡಿದೆಯಮ್ಮ. ಅದಕ್ಕೇ ಮಲ ಬೆಳ್ಳಗಾಗಿದೆ. ಪಿತ್ತದ ಬಣ್ಣ ರಕ್ತಕ್ಕೆ ವಾಪಸ್ ಸೇರ್ತಿದೆ. ಆದಷ್ಟನ್ನ ಕಿಡ್ನಿ ಸೋಸಿ ಹೊರಗೆ ಹಾಕ್ತಿದೆ. ಮೂತ್ರ ಡಿಕಾಕ್ಷನ್ ಥರ ಬರೋದು ಅದಕ್ಕೇ."

"ಯಾರ್ದೋ ಕೆಲ್ಸ ಯಾರೋ ಮಾಡ್ತಾವ್ರೆ ಅನ್ನಿ," ಎಂದಿದ್ದಳು ಮುನಿವೆಂಕಟಮ್ಮ. "ನಮ್ಮನೇಲಿ ನಾನಿದ್ದಂಗೆ."

ಆಪರೇಷನ್ನಿಗೆ ಹೆದರಿದ ಗಂಡ ಚಿಕ್ಕಬೈರಪ್ಪ ಚಿಕ್ಕಜಾಲದಿಂದ ಸೊಪ್ಪಿನ ಔಷಧಿ ತಂದ. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತಿದ್ದ ಮರಿಯಮ್ಮನಿಂದ ಮುನಿವೆಂಕಟಮ್ಮ ಮಗಳಿಗೆ ಒಂದು ಕಾಗದ ಬರೆಸಿದಳು. ಮಗಳು ದ್ರೌಪದಿ, ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿದ್ದ ಹುಬ್ಬಳ್ಳಿ ಹುಡುಗನನ್ನು ಕಟ್ಟಿಕೊಂಡು ಅವನೂರಿಗೇ ಹೊರಟುಹೋಗಿದ್ದವಳು. "ಒಂದ್ಸಲ ಬಂದು ಮಕ ತೋರ್ಸವ್ವ." ಅಷ್ಟೇ ಒಕ್ಕಣೆ. ಚಿಕ್ಕಬೈರಪ್ಪ ಅದನ್ನು ಕಸಿದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ.

"ಮೊದ್ಲು ವಾಸಿಯಾಗ್ಲಿ. ಆಮ್ಯಾಕೆ ನೋಡವ."

ಬೆಳಗಾದರೆ ಅವನು ನೋಡುತ್ತಿದ್ದದ್ದು ಹೆಂಡತಿಯ ಮುಖವನ್ನಲ್ಲ, ಅವಳಡಿ ಹಾಸಿದ ಬಟ್ಟೆಯನ್ನು. ಒಂದು ದಿನ ಬಟ್ಟೆಯಲ್ಲಿ ಕಲೆಯೇ ಇರಲಿಲ್ಲ.

"ನೋಡಮ್ಮಿ, ಅಳ್ದಿ ನಿಂತೋಯ್ತು! ಔಷ್ದಿ ಕೆಲ್ಸ ಮಾಡ್ತು. ಇನ್ಯಾಕೆ ಕಾಗ್ದ?"

"ಬಟ್ಟೆ ಒದ್ದೇನೇ ಆಗಿಲ್ವಲ್ಲ ಬಾವ?" ಎಂದಳು ಮರಿಯಮ್ಮ. ಅವನು ಕೇಳಿಸಿಕೊಳ್ಳಲಿಲ್ಲ. ಎರಡು ದಿನ ಬಿಟ್ಟು ಡಾಕ್ಟರನ್ನು ಕರೆಸಿದಾಗ ಅವರು ಕಣ್ಣರೆಪ್ಪೆ ಎತ್ತಿ ನೋಡಿ, ಮೆಲ್ಲಗೆ ಹೇಳಿದರು: "ಹಳದಿ ನಿಂತಿಲ್ಲಪ್ಪ. ಅದನ್ನ ಹೊರಗೆ ಹಾಕ್ತಿದ್ದ ಕಿಡ್ನಿ ನಿಂತಿದೆ."

*

ಮಣ್ಣು ಮಾಡಿ ಬಂದ ಚಿಕ್ಕಬೈರಪ್ಪ ಹಿತ್ತಲಿಗೆ ಬಂದ. ತಂತಿಯ ಮೇಲೆ ಸಾಲಾಗಿ ಹಳದಿ ತುಂಡುಗಳು, ತುದಿಯಲ್ಲೊಂದು ಬಿಳಿಯದು.

"ಇದು?"

"ಕೊನೇದು ಬಾವ. ಸುಮ್ಕೆ ನೀರಿಗದ್ದಿದೆ. ಒಗೆಯಾಕೆ ಅದ್ರಲ್ಲಿ ಏನೂ ಇರ್ಲಿಲ್ಲ."

ಅವನು ಆ ತುಂಡನ್ನೆಳೆದು ಹೆಗಲಿಗೆ ಹಾಕಿಕೊಂಡು ಒಳಗೆ ಹೋದ. ಕ್ಯಾಲೆಂಡರಿನ ಹಿಂದಿನ ಕಾಗದ ಹಿಡಿದು ಬಂದ. ಮರಿಯಮ್ಮ ಪೆನ್ನು ಹುಡುಕಿದಳು.

"ಅಕ್ಕ ತೀರ್ಕಂಡ್ಲು ಅಂತ ಕೆಳಗೆ ಬರೀಲಾ?"

"ಬ್ಯಾಡ. ಅದ್ಕೆ ಟೆಲಿಗ್ರಾಂ ಕೊಡ್ತೀನಿ. ಇದು ಅವ್ಳು ಬರೆಸಿದ್ದು. ಅಂಗೇ ಓಗ್ಲಿ."

ಬೀದಿಯ ಕೊನೆಯ ಕೆಂಪು ಡಬ್ಬಿಯವರೆಗೆ ಅವನು ಬರಿಗಾಲಲ್ಲಿ ನಡೆದ. ಕಾಗದ ಒಳಗೆ ಬಿತ್ತು. ಮರಿಯಮ್ಮ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳು. ಅವನ ಬೆರಳುಗಳು ಇನ್ನೂ ಡಬ್ಬಿಯ ಬಾಯಲ್ಲೇ ಇದ್ದವು. ಹೆಗಲ ಮೇಲಿನ ಬಿಳಿ ತುಂಡಿನಿಂದ ನೀರು ತೊಟ್ಟಿಕ್ಕುತ್ತಿತ್ತು.